ಕಡಲ ತಡಿಯಲ್ಲಿ ಕಚೇರಿ: ದೇಹ ಒಪ್ಪೀತೇ?

‘ಸ್ವಲ್ಪ ದಿನ ಹವಾ ಬದಲಾವಣೆ ಮಾಡಿಕೊಂಡು ಬನ್ನಿ’ ಎಂದು ವೈದ್ಯರು ಸಲಹೆ ಕೊಡುತ್ತಿದ್ದ ಕಾಲವೊಂದಿತ್ತು. ಔಷಧಿಗೆ ಬಗ್ಗದ ಕಾಯಿಲೆಗೆ ಬೆಟ್ಟದ ಗಾಳಿ ಅಥವಾ ಕಡಲ ಗಾಳಿಯೇ ಮದ್ದು ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇತ್ತು. 1751ರಲ್ಲಿ ಲಾರೆನ್ಸ್ ವಾಷಿಂಗ್ಟನ್ ಎಂಬ ಅಮೆರಿಕನ್ ಕ್ಷಯರೋಗಿ ಇದೇ ಆಸೆಯಿಂದ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪಕ್ಕೆ ಹೋದ. ಜೊತೆಗೆ ಹತ್ತೊಂಬತ್ತು ವರ್ಷದ ತಮ್ಮನೂ ಇದ್ದ. ಅಣ್ಣನಿಗೆ ಗುಣವಾಗಲಿಲ್ಲ, ಮರುವರ್ಷವೇ ತೀರಿಕೊಂಡ. ಆರೋಗ್ಯವಾಗಿದ್ದ ತಮ್ಮನಿಗೆ ಅಲ್ಲಿ ಸಿಡುಬು ತಗಲಿತು. ಅದೃಷ್ಟವಶಾತ್ ಬದುಕಿಕೊಂಡ, ಮುಂದೆಂದೂ ಸಿಡುಬು ಬಾರದಂಥ ರೋಗನಿರೋಧಕ ಶಕ್ತಿಯನ್ನೂ ಪಡೆದ. ಆ ತಮ್ಮನೇ ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್.

ಯಾವ ಊರಿನ ಹವೆಯೂ ಬರೀ ಮದ್ದಲ್ಲ, ಬರೀ ವಿಷವೂ ಅಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಇಂದು ಇದನ್ನು ನೆನೆಯಲು ಕಾರಣವಿದೆ. ಕೊರೊನಾ ಪಿಡುಗಿನಿಂದ ಪ್ರವಾಸಿಗರು ಬಾರದಂತಾದಾಗ, 2020ರ ಜುಲೈನಲ್ಲಿ ಬಾರ್ಬಡೋಸ್ ಸರ್ಕಾರ ‘ವೆಲ್‌ಕಮ್ ಸ್ಟ್ಯಾಂಪ್’ ಎಂಬ ಪರವಾನಗಿಯನ್ನು ಜಾರಿಗೆ ತಂದಿತು. ಬೇರೆ ದೇಶದ ಕಂಪೆನಿಯ ಕೆಲಸವನ್ನು ಕಂಪ್ಯೂಟರ್ ಮೂಲಕ ಮಾಡುವವರು ಹನ್ನೆರಡು ತಿಂಗಳು ಅಲ್ಲೇ ನೆಲೆಸಬಹುದು ಎಂಬುದು ಅದರ ಸಾರ. ವರ್ಷಕ್ಕೆ 50,000 ಅಮೆರಿಕನ್ ಡಾಲರ್ ಆದಾಯ ಮತ್ತು ಆರೋಗ್ಯ ವಿಮೆ ಇರಬೇಕು. ಒಬ್ಬರಿಗೆ 2,000 ಡಾಲರ್, ಕುಟುಂಬಕ್ಕೆ 3,000 ಡಾಲರ್ ಶುಲ್ಕವೆಂದು ಆಗ ನಿಗದಿಯಾಯಿತು. ಕಡಲ ದಂಡೆಯಲ್ಲಿ ಕುಳಿತು ಕೆಲಸ ಮಾಡುವ ಕನಸು ಹೀಗೆ ಕೈಗೆಟಕುವಂತಾಯಿತು. ಸಾಫ್ಟ್‌ವೇರ್ ಉದ್ಯೋಗಿಗಳಿರುವ ನಮ್ಮ ಮನೆಗಳಿಗೂ ಇಂಥ ಮಾತು ಬಂದು ತಟ್ಟಿದರೆ ಆಶ್ಚರ್ಯವಿಲ್ಲ. ಹೊರಡುವವರ ಮತ್ತು ಅವರನ್ನು ಕಳಿಸಿಕೊಡುವವರ ಆರೋಗ್ಯದ ದೃಷ್ಟಿಯಿಂದ ಕೆಲವು ಸಂಗತಿಗಳನ್ನು ತಿಳಿದಿರುವುದು ಲೇಸು.

ಅಕ್ಷಾಂಶ ಒಂದೇ, ಗಡಿಯಾರ ಬೇರೆ

ಬಾರ್ಬಡೋಸಿನ ವಾಯವ್ಯ ಕರಾವಳಿಯಲ್ಲಿ ಸ್ಪೈಟ್ಸ್‌ಟೌನ್ ಎಂಬ ಪುಟ್ಟ ಪಟ್ಟಣವಿದೆ. ರಾಜಧಾನಿ ಬ್ರಿಡ್ಜ್‌ಟೌನ್‌ನಿಂದ ಸುಮಾರು 20 ಕಿಲೋಮೀಟರ್. ಮೀನು ಮಾರುಕಟ್ಟೆ, ಹಳೆಯ ಕಾಲದ ಮನೆಗಳು, ಎದುರಿಗೆ ಅಲೆಗಳ ಅಬ್ಬರವಿಲ್ಲದ ಕಡಲು. ಭೂಪಟದಲ್ಲಿ ನೋಡಿದರೆ ಅದು ಹೆಚ್ಚುಕಡಿಮೆ ನಮ್ಮ ಉಡುಪಿಯ ಅಕ್ಷಾಂಶದಲ್ಲೇ ಇದೆ. ಬಿಸಿಲು, ಬೆವರು, ತೆಂಗಿನ ಮರ ಯಾವುದೂ ಕರಾವಳಿಯವರಿಗೆ ಹೊಸತಲ್ಲ. ಹೊಸತೆನಿಸುವುದು ಗಡಿಯಾರ. ಬಾರ್ಬಡೋಸ್ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಕಚೇರಿ ತೆರೆದಾಗ ಅಲ್ಲಿ ನಡುರಾತ್ರಿ ಹನ್ನೆರಡು. ಇಲ್ಲಿ ಸಂಜೆ ಆರೂವರೆಗೆ ಕೆಲಸ ಮುಗಿದಾಗ ಅಲ್ಲಿ ಬೆಳಗಿನ ಒಂಬತ್ತು. ಅಂದರೆ ಬೆಂಗಳೂರಿನ ಕಚೇರಿಯ ವೇಳೆಗೆ ಸರಿಯಾಗಿ ದುಡಿಯುವವರು ವರ್ಷವಿಡೀ ರಾತ್ರಿ ಪಾಳಿಯ ನೌಕರರೇ. ಲಂಡನ್ ಕಚೇರಿಯಾದರೆ ನಸುಕಿನ ನಾಲ್ಕು ಅಥವಾ ಐದಕ್ಕೆ ಏಳಬೇಕು. ನ್ಯೂಯಾರ್ಕಿನದಾದರೆ ತೊಂದರೆಯಿಲ್ಲ, ಎರಡೂ ಕಡೆಯ ವೇಳೆಯಲ್ಲಿ ಹೆಚ್ಚೆಂದರೆ ಒಂದು ಗಂಟೆ ವ್ಯತ್ಯಾಸ.

ನಿದ್ರೆಯ ಸಾಲ

ನಮ್ಮ ಮಿದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಸಂಧಿಸುವ ಜಾಗದ ಮೇಲೆ, ಅತಿ ಸಣ್ಣದಾದ ಜೀವಕೋಶಗಳ ಗುಂಪೊಂದಿದೆ. ಇದೇ ದೇಹದ ಗಡಿಯಾರ. ಬೆಳಕು ಕಣ್ಣಿಗೆ ಬಿದ್ದಾಗ ‘ಹಗಲಾಯಿತು’ ಎಂದು ಇದು ಇಡೀ ದೇಹಕ್ಕೆ ಸಾರುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ನಿದ್ರೆಗೆ ಅಣಿ ಮಾಡುತ್ತದೆ. ದೇಹದ ಉಷ್ಣತೆ, ಜೀರ್ಣಶಕ್ತಿ, ರಕ್ತದ ಒತ್ತಡ, ಇನ್ಸುಲಿನ್‌ನ ಪ್ರಭಾವ ಎಲ್ಲವೂ ಇದರ ತಾಳಕ್ಕೆ ತಕ್ಕಂತೆ ಏರಿಳಿಯುತ್ತವೆ.

ವಿಮಾನದಲ್ಲಿ ದೂರದೇಶಕ್ಕೆ ಹೋದವರ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಸ ಊರಿಗೆ ಹೊಂದಿಕೊಳ್ಳುತ್ತದೆ. ವಾರ ಹತ್ತು ದಿನಗಳಲ್ಲಿ ಎಲ್ಲ ಸರಿಹೋಗುತ್ತದೆ. ಆದರೆ ಬಾರ್ಬಡೋಸಿನಲ್ಲಿದ್ದು ಭಾರತದ ವೇಳೆಗೆ ದುಡಿಯುವವರಿಗೆ ಈ ಹೊಂದಾಣಿಕೆ ಮುಗಿಯುವುದೇ ಇಲ್ಲ. ರಾತ್ರಿ ದುಡಿದು, ಬೆಳಿಗ್ಗೆ ಕಡಲು ಕರೆಯಿತೆಂದು ಈಜಲು ಹೋಗಿ, ಮಧ್ಯಾಹ್ನ ಮೂರು ಗಂಟೆ ಮಲಗಿ, ಸಂಜೆ ಸ್ನೇಹಿತರೊಡನೆ ಕಳೆದು ಮತ್ತೆ ಕಂಪ್ಯೂಟರ್ ಮುಂದೆ ಕುಳಿತರೆ ನಿದ್ರೆಯ ಸಾಲ ಬೆಳೆಯುತ್ತಲೇ ಹೋಗುತ್ತದೆ. ಮೊದಲು ಕಾಣುವುದು ಸಿಡುಕು, ಮರೆವು, ಎದೆಯುರಿ, ಮಲಬದ್ಧತೆ. ಮುಂದೆ ತೂಕ ಏರುತ್ತದೆ, ರಕ್ತದ ಸಕ್ಕರೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಒಂದು ವರ್ಷ ರಾತ್ರಿ ದುಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಇದನ್ನು ಹಗುರವಾಗಿ ಕಾಣಬಾರದು.

ಪರಿಹಾರವಿಲ್ಲವೆಂದಲ್ಲ. ಹೊರಡುವ ಮುನ್ನವೇ ಕಚೇರಿಯೊಡನೆ ಮಾತಾಡಿ ವೇಳೆಯನ್ನು ಗೊತ್ತುಮಾಡಿಕೊಳ್ಳಬೇಕು. ಅಲ್ಲಿಯ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗೆ ದುಡಿದರೆ ಅದು ನಮ್ಮ ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಹತ್ತೂವರೆ. ಬೆಂಗಳೂರಿನ ಸಹೋದ್ಯೋಗಿಗಳೊಡನೆ ನಾಲ್ಕು ಗಂಟೆ ಒಟ್ಟಿಗೆ ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗಿದರೆ ಏಳು ಗಂಟೆಯ ನಿದ್ರೆಯೂ ದಕ್ಕುತ್ತದೆ. ಇದು ಸಾಧ್ಯವೇ ಇಲ್ಲದಿದ್ದರೆ ಹಗಲಿನ ನಿದ್ರೆಗೆ ನಿಗದಿಯಾದ ವೇಳೆ ಇರಲಿ, ರಜಾದಿನಗಳಲ್ಲೂ ಅದು ತಪ್ಪದಿರಲಿ. ಕಿಟಕಿಗೆ ದಪ್ಪ ಪರದೆ ಹಾಕಿ ಕೋಣೆಯನ್ನು ಕತ್ತಲು ಮಾಡಬೇಕು. ಪಾಳಿಯ ಕೊನೆಯ ನಾಲ್ಕೈದು ಗಂಟೆ ಕಾಫಿ, ಟೀ ಬೇಡ. ನಿದ್ರೆ ಮಾತ್ರೆಯನ್ನು ತಾವಾಗಿ ನುಂಗಬಾರದು.

ಕೂರುವ ರೀತಿಯೂ ಮುಖ್ಯ. ಉಯ್ಯಾಲೆಯಲ್ಲಿ ಒರಗಿ ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡ ಚಿತ್ರ ಜಾಹೀರಾತಿಗೆ ಚೆಂದ, ಕುತ್ತಿಗೆಗೆ ಅಲ್ಲ. ಪರದೆ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತರಿಸಿ, ಪ್ರತ್ಯೇಕ ಕೀಲಿಮಣೆ ಬಳಸಬೇಕು. ಗಟ್ಟಿಯಾದ ಮೇಜು ಕುರ್ಚಿ ಇದೆಯೇ ಎಂದು ಬಾಡಿಗೆ ಮನೆ ಗೊತ್ತುಮಾಡುವಾಗಲೇ ವಿಚಾರಿಸುವುದು ಒಳ್ಳೆಯದು.

ಹಗಲು ಕಚ್ಚುವ ಸೊಳ್ಳೆ

ಬಾರ್ಬಡೋಸಿನಲ್ಲಿ ಮಲೇರಿಯಾ ಇಲ್ಲ. ಆದರೆ ಡೆಂಗೆ ಇದೆ. 1647ರಲ್ಲಿ ಈ ದ್ವೀಪವನ್ನು ನಡುಗಿಸಿದ ಹಳದಿ ಜ್ವರವನ್ನು ಹರಡಿದ್ದು ಯಾವ ಜಾತಿಯ ಸೊಳ್ಳೆಯೋ, ಇಂದು ಡೆಂಗೆ, ಚಿಕೂನ್‌ಗುನ್ಯ ಮತ್ತು ಝೀಕಾ ಹರಡುವುದೂ ಅದೇ ಈಡಿಸ್ ಸೊಳ್ಳೆ. ಇದು ಹಗಲು ಹೊತ್ತಿನಲ್ಲಿ, ಮುಖ್ಯವಾಗಿ ಬೆಳಿಗ್ಗೆ ಮತ್ತು ಸಂಜೆ ಕಚ್ಚುತ್ತದೆ. ರಾತ್ರಿ ದುಡಿದು ಹಗಲು ಮಲಗುವವರಿಗೆ ಹಗಲಲ್ಲೇ ಸೊಳ್ಳೆಪರದೆ ಬೇಕು.

ನಮ್ಮವರು ತಿಳಿಯಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಡೆಂಗೆ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದರೆ ಅದರಿಂದ ಮುಂದಕ್ಕೆ ರಕ್ಷಣೆ ಸಿಗುತ್ತದೆ. ಆದರೆ ಎರಡನೆಯ ಸಲ ಬೇರೊಂದು ಬಗೆ ತಗಲಿದರೆ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚು. ಬೆಂಗಳೂರಿನಲ್ಲಿ ಒಮ್ಮೆ ಡೆಂಗೆ ಅನುಭವಿಸಿದವರು ಅಲ್ಲಿ ಇನ್ನೂ ಎಚ್ಚರವಾಗಿರಬೇಕು. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವಕ್ಕೆ ದಾರಿ ಮಾಡಿಕೊಡಬಹುದು. ಜ್ವರ ಇಳಿಯುತ್ತಿರುವಾಗಲೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೀರ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು ಝೀಕಾ ವಿಷಯವಾಗಿ ವೈದ್ಯರೊಡನೆ ಚರ್ಚಿಸದೆ ಹೊರಡಬಾರದು.

ನಮ್ಮ ಮಲೆನಾಡು, ಕರಾವಳಿಗಳಿಗೆ ಪರಿಚಿತವಾದ ಇಲಿ ಜ್ವರ ಅಲ್ಲಿಯೂ ಇದೆ. ಕಾಲಿನಲ್ಲಿ ಗಾಯವಿದ್ದಾಗ ಮಳೆನೀರಿನ ಹೊಂಡಗಳಲ್ಲಿ ಬರಿಗಾಲಿನಲ್ಲಿ ನಡೆಯಬಾರದು.

ಕಡಲಿನಷ್ಟೇ ದಂಡೆಯೂ

ಕಡಲ ದಂಡೆಯಲ್ಲಿ ಸಣ್ಣ ಹಸಿರು ಸೇಬಿನಂಥ ಹಣ್ಣು ಬಿಡುವ ಮ್ಯಾಂಚನೀಲ್ ಎಂಬ ಮರವಿದೆ. ನಮ್ಮ ಕಳ್ಳಿ, ಹರಳು ಗಿಡಗಳ ಕುಟುಂಬಕ್ಕೆ ಸೇರಿದ್ದು. ಇದರ ಹಾಲು ಮೈಗೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಮಳೆ ಬಂತೆಂದು ಇದರ ಕೆಳಗೆ ನಿಂತವರಿಗೆ ಎಲೆಯಿಂದ ತೊಟ್ಟಿಕ್ಕುವ ನೀರೂ ಸಾಕು. 1999ರಲ್ಲಿ ನೆರೆಯ ಟೊಬೇಗೊ ದ್ವೀಪದಲ್ಲಿ ಬ್ರಿಟಿಷ್ ವೈದ್ಯೆಯೊಬ್ಬರು ಈ ಹಣ್ಣನ್ನು ಕಚ್ಚಿ ನೋಡಿದರು. ಮೊದಲು ಸಿಹಿ, ಬಳಿಕ ಮೆಣಸಿನ ಖಾರ, ಆಮೇಲೆ ಗಂಟಲು ಬಿಗಿದು ನುಂಗಲೂ ಆಗದ ಸ್ಥಿತಿ. ಚೇತರಿಸಿಕೊಂಡ ಅವರು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವಿವರಿಸಿದ್ದಾರೆ. ಬಾರ್ಬಡೋಸಿನಲ್ಲಿ ಇಂಥ ಹಲವು ಮರಗಳಿಗೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಮಕ್ಕಳಿಗೆ ಮೊದಲ ದಿನವೇ ಅದನ್ನು ತೋರಿಸಿಕೊಡಬೇಕು. ಹಾಲು ತಾಗಿದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಧಾರಾಳ ನೀರು ಹಾಕಿ ತೊಳೆದು ವೈದ್ಯರಲ್ಲಿಗೆ ಧಾವಿಸಬೇಕು.

ಪಶ್ಚಿಮದ ಕಡಲು ಶಾಂತವಾಗಿದೆಯೆಂದು ಪೂರ್ವ ತೀರದಲ್ಲೂ ಇಳಿಯಬಾರದು. ಅಲ್ಲಿ ಅಟ್ಲಾಂಟಿಕ್ ಸಾಗರದ ಸೆಳವು ಬಲವಾಗಿರುತ್ತದೆ. ಸೆಳವಿಗೆ ಸಿಕ್ಕರೆ ಅದರ ಎದುರು ಈಜಿ ದಣಿಯದೆ, ದಂಡೆಗೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ಉಬ್ಬಸವಿರುವವರಿಗೆ ಎರಡು ಮಾತು. ಆಫ್ರಿಕಾದ ಸಹಾರಾ ಮರುಭೂಮಿಯ ಧೂಳು ಸಾಗರವನ್ನೇ ದಾಟಿ ಈ ದ್ವೀಪಕ್ಕೆ ಬರುತ್ತದೆ. 1960ರ ದಶಕದಿಂದಲೂ ವಿಜ್ಞಾನಿಗಳು ಅಲ್ಲಿ ಅದನ್ನು ಅಳೆಯುತ್ತಿದ್ದಾರೆ. ಇನ್ನೊಂದು ಸರ್ಗಾಸಮ್ ಎಂಬ ಕಂದು ಕಡಲಕಳೆ. 2011ರಿಂದೀಚೆಗೆ ಕೆರಿಬಿಯನ್ ತೀರಗಳಿಗೆ ರಾಶಿ ರಾಶಿಯಾಗಿ ಬಂದು ಬೀಳುತ್ತಿದೆ. ಕೊಳೆತಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ತಲೆನೋವು, ಕಣ್ಣುರಿ, ಕೆಮ್ಮು ಇದರ ಫಲ. ಬಾರ್ಬಡೋಸಿನಲ್ಲಿ ಪೂರ್ವ ಮತ್ತು ದಕ್ಷಿಣ ತೀರಗಳಿಗೆ ಇದರ ಕಾಟ ಹೆಚ್ಚು. ಇನ್‌ಹೇಲರ್ ಸದಾ ಜೊತೆಗಿರಲಿ.

ತಟ್ಟೆಯಲ್ಲೇನಿದೆ?

ಅಲ್ಲಿಯ ರಾಷ್ಟ್ರೀಯ ಊಟ ‘ಕುಕು’ ಮತ್ತು ಹಾರುವ ಮೀನು. ಕುಕು ಎಂದರೆ ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಸೇರಿಸಿ ತಿರುವಿ ಮಾಡಿದ ಮುದ್ದೆ. ನಮ್ಮ ಕರಾವಳಿಯ ಜೀಗುಜ್ಜೆ ಅಲ್ಲೂ ಉಂಟು. ನಲ್ಲಿಯ ನೀರು ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿ ಬಂದದ್ದು, ಕುಡಿಯಲು ಯೋಗ್ಯ. ಆದರೆ ಆಹಾರದ ಬಹುಭಾಗ ಹೊರದೇಶಗಳಿಂದ ಬರುವುದರಿಂದ ತರಕಾರಿ ದುಬಾರಿ. ಡಬ್ಬಿಯ ತಿಂಡಿ, ಸಿಹಿ ಪಾನೀಯಗಳೇ ಸುಲಭವೆನಿಸುತ್ತವೆ. ಕಬ್ಬಿನಿಂದ ಬಾಳಿದ ಈ ದ್ವೀಪವನ್ನು ಇಂದು ಮಧುಮೇಹ ಕಾಡುತ್ತಿದೆ. ಸಿಹಿ ಪಾನೀಯಗಳ ಮೇಲೆ 2015ರಲ್ಲಿ ಶೇಕಡಾ 10ರ ತೆರಿಗೆ ಹಾಕಿದ ಸರ್ಕಾರ 2022ರಲ್ಲಿ ಅದನ್ನು ಶೇಕಡಾ 20ಕ್ಕೆ ಏರಿಸಿತು. ಮಧುಮೇಹ ಬೇಗ ಅಂಟುವ ಮೈಕಟ್ಟು ನಮ್ಮದೂ ಹೌದು. ರಾತ್ರಿ ಪಾಳಿಯೂ ಸೇರಿದರೆ ಕೇಳಬೇಕೆ? ಅಕ್ಕಿ, ಬೇಳೆ, ಸೊಪ್ಪು ಕೊಂಡು ಮನೆಯಲ್ಲೇ ಅಡಿಗೆ ಮಾಡುವ ಅಭ್ಯಾಸವಿದ್ದರೆ ಹಣವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಬಿರುಗಾಳಿ ಮತ್ತು ಆಸ್ಪತ್ರೆ

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲ. 2024ರ ಜೂನ್ 29ರಂದು ಬ್ರಿಡ್ಜ್‌ಟೌನಿನಲ್ಲಿ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡ, ‘ಬೆರಿಲ್’ ಚಂಡಮಾರುತದಿಂದಾಗಿ ಕೆಲವು ದಿನ ಅಲ್ಲೇ ಸಿಕ್ಕಿಹಾಕಿಕೊಂಡದ್ದು ಓದುಗರಿಗೆ ನೆನಪಿರಬಹುದು. ರಕ್ತದೊತ್ತಡ, ಮಧುಮೇಹ, ಥೈರಾಯ್ಡ್ ಔಷಧಿ ಸೇವಿಸುವವರ ಬಳಿ ಈ ತಿಂಗಳುಗಳಲ್ಲಿ ಕೆಲವು ವಾರಕ್ಕೆ ಸಾಲುವಷ್ಟು ದಾಸ್ತಾನು ಇರಲೇಬೇಕು. ವಿದ್ಯುತ್ ಹೋದರೆ ಇನ್ಸುಲಿನ್ ತಂಪಾಗಿಡುವುದು ಹೇಗೆಂದು ಮೊದಲೇ ಯೋಚಿಸಿರಬೇಕು.

1962ರಲ್ಲಿ ಬ್ರಿಡ್ಜ್‌ಟೌನಿನಲ್ಲಿ ಚೆಂಡು ಬಡಿದು ತಲೆಬುರುಡೆ ಒಡೆದ ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ಅವರಿಗೆ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ರಕ್ತದಾನ ಮಾಡಿದ್ದರು. 1964ರಲ್ಲಿ ಅಲ್ಲಿ ಕ್ವೀನ್ ಎಲಿಜಬೆತ್ ಆಸ್ಪತ್ರೆ ಆರಂಭವಾಯಿತು. ಸ್ಪೈಟ್ಸ್‌ಟೌನ್ ಇರುವ ಸೇಂಟ್ ಪೀಟರ್ ವಲಯದಲ್ಲಿ ಸರ್ಕಾರಿ ಪಾಲಿಕ್ಲಿನಿಕ್ ಇದೆ. ಆಂಬುಲೆನ್ಸ್ ಕರೆಯಲು 511. ಹೊರದೇಶದವರು ಚಿಕಿತ್ಸೆಗೆ ಹಣ ತೆರಬೇಕಾದ್ದರಿಂದ ವಿಮೆಯ ಷರತ್ತುಗಳನ್ನು ಓದಿಯೇ ಸಹಿ ಮಾಡಬೇಕು. ಮೊದಲೇ ಇದ್ದ ಕಾಯಿಲೆಗೆ ಅದು ಅನ್ವಯಿಸುತ್ತದೆಯೇ? ತುರ್ತಿನಲ್ಲಿ ಬೇರೆ ದೇಶಕ್ಕೆ ಸಾಗಿಸುವ ವೆಚ್ಚ ಸೇರಿದೆಯೇ? ಇವೆರಡನ್ನು ಮರೆಯದೆ ಕೇಳಿ.

ಮನಸ್ಸಿನ ಹವಾಮಾನ

ಮೊದಲ ಎರಡು ತಿಂಗಳು ಎಲ್ಲವೂ ಹಬ್ಬ. ಬಳಿಕ ಕಡಲು ಹಳತಾಗುತ್ತದೆ. ಪ್ರವಾಸಿಗರು ಬಂದು ಹೋಗುತ್ತಾರೆ, ಗೆಳೆತನ ಬೇರೂರುವುದಿಲ್ಲ. ಕಚೇರಿಯ ಹರಟೆಯಿಲ್ಲ, ಮನೆಯವರ ದನಿ ದೂರ. ರಮ್ ಅಂಗಡಿ ಮಾತ್ರ ಹತ್ತಿರ. ನಿದ್ರೆಗೆಟ್ಟ ಮನಸ್ಸಿಗೆ ಖಿನ್ನತೆ ಬೇಗ ಹತ್ತುತ್ತದೆ. ಕರೆಗಳು ವಿರಳವಾಗುವುದು, ಮಾತು ಚುಟುಕಾಗುವುದು, ‘ಸುಸ್ತು’ ಎಂಬ ಉತ್ತರ ಪದೇ ಪದೇ ಬರುವುದು ಇವನ್ನು ತಂದೆತಾಯಿ ಗಮನಿಸಬೇಕು. ಇಲ್ಲಿ ಬೆಳಗಿನ ಕಾಫಿಯ ಆರು ಗಂಟೆ ಎಂದರೆ ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಆ ಹೊತ್ತನ್ನು ಮಾತಿಗೆಂದು ಮೀಸಲಿಟ್ಟರೆ ಎರಡೂ ಕಡೆ ನಿದ್ರೆ ಕೆಡುವುದಿಲ್ಲ.

ಹೊರಡುವ ಮುನ್ನ

* ರಕ್ತದೊತ್ತಡ, ರಕ್ತದ ಸಕ್ಕರೆ, ಹಲ್ಲು, ಕಣ್ಣು ಪರೀಕ್ಷಿಸಿಕೊಳ್ಳಿ.

* ಔಷಧಿ ಚೀಟಿಯಲ್ಲಿ ಕಂಪೆನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನಮ್ಮ ಮಾತ್ರೆಗಳ ಹೆಸರು ಅಲ್ಲಿ ಯಾರಿಗೂ ತಿಳಿದಿರಲಾರದು.

* ಧನುರ್ವಾಯು, ವಿಷಮಶೀತ ಜ್ವರ ಮತ್ತು ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ.

* ಅಲ್ಲಿಂದ ಟ್ರಿನಿಡಾಡ್ ಅಥವಾ ಗಯಾನಾ ನೋಡುವ ಯೋಚನೆಯಿದ್ದರೆ ಹಳದಿ ಜ್ವರದ ಲಸಿಕೆ ಅಗತ್ಯ. ಚುಚ್ಚಿಸಿಕೊಂಡು ಹತ್ತು ದಿನಗಳ ನಂತರವೇ ಅದರ ಪ್ರಮಾಣಪತ್ರ ಸಿಂಧು. ಅದಿಲ್ಲದೆ ಆ ದೇಶಗಳಿಂದ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

* ದೀರ್ಘ ವಿಮಾನಯಾನದಲ್ಲಿ ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಇದು ತಡೆಯುತ್ತದೆ.

ಹವಾ ಬದಲಾವಣೆಯಿಂದ ಲಾಭವಿಲ್ಲವೆಂದು ಯಾರೂ ಹೇಳರು. ದಿನಾ ಈಜು, ನಡಿಗೆ, ವಾಹನಗಳ ಹೊಗೆಯಿಲ್ಲದ ಗಾಳಿ ಇವು ನಗರದ ಜೀವಕ್ಕೆ ದೊಡ್ಡ ಕೊಡುಗೆಗಳೇ. ಆದರೆ ಅವು ದಕ್ಕುವುದು ರಾತ್ರಿ ಮಲಗಿ ಬೆಳಿಗ್ಗೆ ಏಳುವವರಿಗೆ. ಹೋಗುವುದೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆದಾಗ ಬಾಡಿಗೆ, ಸಂಬಳಗಳ ಲೆಕ್ಕದ ಜೊತೆಗೆ ನಿದ್ರೆಯ ಲೆಕ್ಕವನ್ನೂ ಬರೆದುಕೊಳ್ಳಿ.