ಲ್ಯಾಪ್‌ಟಾಪ್ ಕೆಟ್ಟಿತೇ? ಫೈಲು ಉಳಿದಿರಬಹುದು!

2003ರ ಫೆಬ್ರುವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಟೆಕ್ಸಸ್ ಆಕಾಶದಲ್ಲಿ ಛಿದ್ರವಾಗಿ, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಗಗನಯಾತ್ರಿಗಳು ಅಸುನೀಗಿದರು. ಅವಶೇಷಗಳ ನಡುವೆ ಸುಟ್ಟು ಕರಕಲಾದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಕ್ಸೆನಾನ್ ಅನಿಲದ ಮೇಲೆ ನೌಕೆಯಲ್ಲಿ ನಡೆದಿದ್ದ ಪ್ರಯೋಗದ ವಿವರಗಳು ಅದರಲ್ಲಿದ್ದವು. ತಜ್ಞರು ಒಳಗಿನ ತಟ್ಟೆಗಳನ್ನು ತೊಳೆದು, ಬೇರೊಂದು ಡ್ರೈವ್‌ಗೆ ಕೂರಿಸಿ, ಬಹುಪಾಲು ಮಾಹಿತಿಯನ್ನು ಹೊರತೆಗೆದರು. 2008ರಲ್ಲಿ ಆ ಪ್ರಯೋಗದ ಫಲಿತಾಂಶ ಪ್ರಕಟವಾಯಿತು.

ಅಂಥ ಡಿಸ್ಕೇ ಉಳಿಯಿತೆಂದ ಮೇಲೆ, ಆನ್ ಆಗದ ಲ್ಯಾಪ್‌ಟಾಪ್ ಮುಂದೆ ಕುಳಿತು ಮದುವೆಯ ಫೋಟೊ, ಮಗಳ ಪ್ರಾಜೆಕ್ಟ್ ಎಲ್ಲ ಹೋಯಿತೆಂದು ಕೈಚೆಲ್ಲಬೇಕಿಲ್ಲ. ಎಷ್ಟೋ ಸಲ ಕೆಟ್ಟಿರುವುದು ಪರದೆ, ಮದರ್‌ಬೋರ್ಡ್ ಅಥವಾ ವಿಂಡೋಸ್. ಫೈಲುಗಳಿರುವ ಡಿಸ್ಕ್ ಚೆನ್ನಾಗಿಯೇ ಇರುತ್ತದೆ.

ಪರದೆ ಮಾತ್ರ ಹೋಗಿದ್ದರೆ ಎಚ್‌ಡಿಎಂಐ ಕೇಬಲ್‌ನಿಂದ ಟಿ.ವಿ.ಗೆ ಜೋಡಿಸಿ ನೋಡಿ. ವಿಂಡೋಸ್ ತೆರೆದುಕೊಳ್ಳದಿದ್ದರೆ, ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿ ಫೈಲುಗಳನ್ನು ನಕಲು ಮಾಡಿಕೊಳ್ಳಬಹುದು. ಮದರ್‌ಬೋರ್ಡೇ ಹೋಗಿದ್ದರೆ ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ. ಎರಡೂವರೆ ಇಂಚಿನ ಸಾಟಾ ಡಿಸ್ಕ್‌ಗೆ ಒಂದು ಬಗೆಯ ಕೇಸಿಂಗ್, ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗೆ ಇನ್ನೊಂದು. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಬೋರ್ಡಿನ ರಿಪೇರಿಯೇ ದಾರಿ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರಬಹುದು, ಹುಡುಕಿ.

ಫೈಲುಗಳಿಗೆ ನಿಜವಾದ ಅಪಾಯ ನಮ್ಮ ಆತುರದ್ದು. ಹಾರ್ಡ್ ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ; ಧೂಳಿನ ಕಣ ಅದಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ಮನೆಯಲ್ಲಿ ಡಿಸ್ಕಿನ ಮುಚ್ಚಳ ತೆರೆಯಲೇಬಾರದು. ‘ಟಕ್ ಟಕ್’ ಸದ್ದು ಕೇಳಿದರೆ ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ತಜ್ಞರಿಗೆ ಕೊಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆಯ ಮೇಲೆ ಗೀರು ಬೀಳುತ್ತದೆ. ಫ್ರೀಜರ್‌ನಲ್ಲಿಡುವ ಸಲಹೆಯನ್ನು ಕೇಳಬೇಡಿ. ಒಳಗೆ ತೇವ ಕಟ್ಟುತ್ತದೆ.

ಅಳಿಸಿಹೋದ ಫೈಲು ಬೇಕಿದ್ದರೆ ಅದೇ ಡಿಸ್ಕ್‌ಗೆ ಏನನ್ನೂ ತುಂಬಬೇಡಿ. ಟೆಸ್ಟ್‌ಡಿಸ್ಕ್, ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳು ನೆರವಾಗುತ್ತವೆ. ಸಿಕ್ಕ ಫೈಲುಗಳನ್ನು ಬೇರೆ ಡಿಸ್ಕ್‌ಗೇ ಉಳಿಸಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ‘ಟ್ರಿಮ್’ ಎಂಬ ವ್ಯವಸ್ಥೆ ತಾನಾಗಿಯೇ ಖಾಲಿ ಮಾಡುವುದರಿಂದ ಅಲ್ಲಿ ಆಸೆ ಕಡಿಮೆ.

ರಿಪೇರಿ ಅಂಗಡಿಗೆ ಕೊಡುವಾಗ ‘ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ’ ಎಂದು ರಸೀದಿಯಲ್ಲೇ ಬರೆಸಿ. ಬಾಯಿಮಾತು ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಲ್ಯಾಪ್‌ಟಾಪ್ ಇನ್ನೂ ಸರಿಯಿರುವವರು ಈ ಭಾನುವಾರವೇ ಎರಡು ಕೆಲಸ ಮಾಡಿ: ಮುಖ್ಯ ಫೈಲುಗಳ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ಗೆ ಹಾಕಿ, ಬಿಟ್‌ಲಾಕರ್ ಕೀಯನ್ನು ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಇಡಿ.