ಬೆಂಕಿ ಆರಿದ ಮೇಲೆ

ನಮ್ಮೂರಲ್ಲಿ ಮಳೆಗಾಲ ಇದ್ದ ಹಾಗೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿಗೂ ಒಂದು ಕಾಲ ಇದೆ ಮಾರಾಯ್ರೆ! ಬೇಸಿಗೆಯಲ್ಲಿ ಮಳೆ ಬೀಳೋದೇ ಅಪರೂಪ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಗುಡ್ಡದ ಹುಲ್ಲೆಲ್ಲ ಒಣಗಿ ನಿಂತಿರುತ್ತೆ. ಆಗಲೇ ಒಳನಾಡಿನಿಂದ ಒಣಗಾಳಿ ಬೀಸುತ್ತೆ. ಒಂದು ಕಿಡಿ ಸಾಕು.

2018ರ ನವೆಂಬರ್ 8ರ ಬೆಳಗ್ಗೆ ಆ ಕಿಡಿ ಹಾರಿದ್ದು ಹಳೇ ವಿದ್ಯುತ್ ಗೋಪುರವೊಂದರ ಸವೆದ ಕೊಂಡಿ ಮುರಿದು. ಗುಡ್ಡದ ಮೇಲಿನ ಪ್ಯಾರಡೈಸ್ ಅನ್ನೋ ಊರು, ಹೆಸರೇ ಸ್ವರ್ಗ, ಕೆಲವೇ ಗಂಟೆಗಳಲ್ಲಿ ಬಹುಪಾಲು ಬೂದಿಯಾಯ್ತು. ಇಳಿಯೋಕೆ ಇದ್ದ ನಾಲ್ಕಾರು ರಸ್ತೆಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತವು. ಆ ಬೆಂಕಿಗೆ ಬಲಿಯಾದವರು 85 ಜನ, ಹೆಚ್ಚಿನವರು ವಯಸ್ಸಾದವರು. 200 ಕಿ.ಮೀ.ಗೂ ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಗೆ ಕವಿದು ಶಾಲೆಗಳಿಗೆ ರಜೆ ಕೊಟ್ರು.

ಬೆಂಕಿ 17 ದಿನಕ್ಕೆ ಪೂರ್ತಿ ಹತೋಟಿಗೆ ಬಂತು. ಆದ್ರೆ ಊರು? ನೀರಿನ ಕೊಳವೆಗಳಲ್ಲಿ ಬೆಂಜೀನ್ ವಿಷ ಸೇರಿತ್ತು. 2010ರ ಜನಗಣತಿಯಲ್ಲಿ 26 ಸಾವಿರ ಜನ ಇದ್ದ ಊರಲ್ಲಿ 2020ರಲ್ಲಿ ಲೆಕ್ಕಕ್ಕೆ ಸಿಕ್ಕವರು ಬರೀ 4,764. ಹೊಸದಾಗಿ ಮನೆಯೇನೋ ಕಟ್ಟಬಹುದು. ಪಕ್ಕದ ಮನೆಯವರೂ ವಾಪಸ್ ಬರಬೇಕಲ್ಲ?

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾ ಸುಟ್ಟಾಗ ಊರಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು, "ಬೆಂಕಿ ಆರಿತಾ?" ಅಂತ. ಆರಿತು. ಇನ್ನು ಕೇಳಬೇಕಾದ್ದು, "ಊರವರು ವಾಪಸ್ ಬಂದ್ರಾ?" ಅಂತ.