ಪಿಕಪ್ ವಾಹನದ ಚಕ್ರದ ಬೇರಿಂಗು: ದುರಸ್ತಿಯೋ, ಬದಲಾವಣೆಯೋ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಸಣ್ಣ ವ್ಯಾಪಾರವು ಇಂದು ಬಹುಮಟ್ಟಿಗೆ ಪಿಕಪ್ ವಾಹನಗಳನ್ನೇ ಅವಲಂಬಿಸಿದೆ. ಕಾರ್ಖಾನೆಗೆ ಹೋಗುವ ಕಬ್ಬು ಟ್ರ್ಯಾಕ್ಟರು, ಲಾರಿಗಳಲ್ಲಿ ಸಾಗಿದರೂ, ಆಲೆಮನೆಯ ಬೆಲ್ಲ, ಅಕ್ಕಿ ಗಿರಣಿಯ ಮೂಟೆ, ತೆಂಗಿನಕಾಯಿ, ತರಕಾರಿ, ಸಿಮೆಂಟು, ಇಟ್ಟಿಗೆ ಇವೆಲ್ಲವೂ ಪಿಕಪ್‌ಗಳಲ್ಲೇ ಓಡಾಡುತ್ತವೆ. ಇಂತಹ ವಾಹನದ ಮಾಲೀಕರು ಎಂಜಿನ್ ಆಯಿಲ್ ಹಾಗೂ ಟೈರುಗಳ ಬಗ್ಗೆ ತೋರುವ ಕಾಳಜಿಯನ್ನು ಚಕ್ರದ ಹಬ್ಬಿನೊಳಗಿರುವ ಬೇರಿಂಗುಗಳ ಬಗ್ಗೆ ತೋರುವುದು ಅಪರೂಪ. ಕಣ್ಣಿಗೆ ಬೀಳದ ಈ ಭಾಗವು ಕೆಟ್ಟಾಗ ಸರಕು ದಾರಿಯಲ್ಲಿ ನಿಲ್ಲುವುದಷ್ಟೇ ಅಲ್ಲ, ಚಕ್ರವೇ ಕಳಚಿ ಹೋಗುವ ಸಂಭವವೂ ಇರುತ್ತದೆ.

ಎತ್ತಿನ ಗಾಡಿಯನ್ನು ಬಲ್ಲವರಿಗೆ ಹಬ್ಬಿನ ರಚನೆ ಹೊಸದೇನಲ್ಲ. ಗಾಡಿಯ ಅಚ್ಚಿನ ಸ್ಥಾನದಲ್ಲಿ ಸ್ಟಬ್ ಆಕ್ಸಲ್, ಗುಂಬದ ಸ್ಥಾನದಲ್ಲಿ ಹಬ್, ಕೀಲೆಣ್ಣೆಯ ಸ್ಥಾನದಲ್ಲಿ ಗ್ರೀಸು, ಕಡಾಣಿಯ ಸ್ಥಾನದಲ್ಲಿ ನಟ್ಟು ಹಾಗೂ ಸ್ಪ್ಲಿಟ್ ಪಿನ್ನು ಬಂದಿವೆ. ವ್ಯತ್ಯಾಸವಿರುವುದು ಅಚ್ಚಿಗೂ ಗುಂಬಕ್ಕೂ ನಡುವೆ ಉರುಳುವ ಬೇರಿಂಗಿನಲ್ಲಿ. ಓರೆ ರೋಲರುಗಳ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹೆನ್ರಿ ಟಿಮ್ಕೆನ್ ಕೂಡ ಮೂಲತಃ ಕುದುರೆ ಗಾಡಿ ತಯಾರಕರೇ. ನೇರ ಹಾದಿಯಲ್ಲಿ ಮೇಲಿನಿಂದ ಬೀಳುವ ಭಾರವನ್ನೂ, ತಿರುವಿನಲ್ಲಿ ಪಕ್ಕದಿಂದ ಬೀಳುವ ಒತ್ತಡವನ್ನೂ ಒಟ್ಟಿಗೆ ತಡೆಯಬಲ್ಲ ಬೇರಿಂಗು ಅವರಿಗೆ ಬೇಕಾಗಿತ್ತು. ಇಂದಿಗೂ ಅನೇಕ ಪಿಕಪ್‌ಗಳ ಮುಂದಿನ ಚಕ್ರದಲ್ಲಿ ಇಂತಹವೇ ಎರಡು ಬೇರಿಂಗುಗಳಿರುತ್ತವೆ: ಒಳಬದಿಗೆ ದೊಡ್ಡದು, ಹೊರಬದಿಗೆ ಚಿಕ್ಕದು. ಗ್ಯಾರೇಜಿನ ಭಾಷೆಯಲ್ಲಿ ಹಬ್ಬಿನೊಳಗೆ ಬಿಗಿಯಾಗಿ ಕೂರುವ ಉಂಗುರವು ಕಪ್ಪು, ರೋಲರುಗಳ ಸಮೇತ ಆಕ್ಸಲ್ ಮೇಲೆ ಕೂರುವುದು ಕೋನು. ಒಳಬದಿಯ ಆಯಿಲ್ ಸೀಲು ಗ್ರೀಸನ್ನು ಹೊರಬಿಡದೆ, ನೀರು ಮತ್ತು ಧೂಳನ್ನು ಒಳಬಿಡದೆ ಕಾಯುತ್ತದೆ.

ಭಾರ ಮತ್ತು ಬೇರಿಂಗಿನ ಆಯುಷ್ಯ

ಬೇರಿಂಗು ಬೇಗ ಸವೆಯಲು ಮೊದಲ ಕಾರಣ ಮಿತಿಮೀರಿದ ಭಾರ. ಇಲ್ಲಿ ಒಂದು ಲೆಕ್ಕವನ್ನು ವ್ಯಾಪಾರಿಗಳು ಅವಶ್ಯವಾಗಿ ತಿಳಿದಿರಬೇಕು. ಭಾರ ಹೆಚ್ಚಿದ ಪ್ರಮಾಣದಲ್ಲೇ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಾವನೆ ತಪ್ಪು. ರೋಲರ್ ಬೇರಿಂಗಿನ ಆಯುಷ್ಯವು ಭಾರದ ಮೂರೂಕಾಲು ಘಾತಕ್ಕಿಂತ ತುಸು ಹೆಚ್ಚಿನ ಪ್ರಮಾಣದಲ್ಲಿ ಕುಸಿಯುತ್ತದೆ ಎಂಬುದು ವಿಶ್ವದಾದ್ಯಂತ ತಯಾರಕರು ಅನುಸರಿಸುವ ಸೂತ್ರ. ಒಂದು ಚಕ್ರದ ಮೇಲೆ 700 ಕಿಲೋ ಬೀಳಬೇಕಾದಲ್ಲಿ 875 ಕಿಲೋ ಬಿದ್ದರೆ ಬೇರಿಂಗಿನ ಆಯುಷ್ಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ. 1,050 ಕಿಲೋ ಬಿದ್ದರೆ ಸುಮಾರು ಕಾಲುಭಾಗ ಮಾತ್ರ ಉಳಿಯುತ್ತದೆ. ಭಾರ ಇಮ್ಮಡಿಯಾದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ಇಲ್ಲಿ ಭಾರವೆಂದರೆ ಸರಕಿನ ತೂಕ ಮಾತ್ರವಲ್ಲ, ವಾಹನದ ಸ್ವಂತ ತೂಕವೂ ಸೇರಿ ಆ ಚಕ್ರದ ಮೇಲೆ ಬೀಳುವ ಒಟ್ಟು ಭಾರ. ಹೀಗಾಗಿ ಒಂದು ಟ್ರಿಪ್ಪಿನ ಬಾಡಿಗೆ ಉಳಿಸಲು ಹತ್ತು ಮೂಟೆ ಹೆಚ್ಚು ಹೇರುವವರು ಆ ಉಳಿತಾಯವನ್ನು ಹಬ್ಬಿನೊಳಗೆ ಕಳೆದುಕೊಳ್ಳುತ್ತಿರುತ್ತಾರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿರುವುದು ಬೇರೆಯೇ ಮಾತು.

ಎರಡನೆಯ ಕಾರಣ ನೀರು. ಈ ಸೀಮೆಯಲ್ಲಿ ಇದಕ್ಕೆ ವಿಶೇಷ ಗಮನ ಬೇಕು. ವಿಶ್ವೇಶ್ವರಯ್ಯ ನಾಲೆ, ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ಹೇಮಾವತಿ ನಾಲೆ ಹೀಗೆ ನೀರಿಗೆ ಕೊರತೆಯಿಲ್ಲದ ಕಡೆ, ಬಾಡಿಗೆ ಮುಗಿಸಿ ಬಂದ ವಾಹನವನ್ನು ಅಚ್ಚು ಮುಳುಗುವಷ್ಟು ನೀರಿಗೆ ಇಳಿಸಿ ತೊಳೆಯುವ ರೂಢಿ ಉಂಟು. ಓಡಿ ಬಂದ ಹಬ್ಬು ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದೊಡನೆ ಅದರೊಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಗ್ರೀಸು ಹಾಲಿನ ಬಣ್ಣಕ್ಕೆ ತಿರುಗಿ ತನ್ನ ಗುಣ ಕಳೆದುಕೊಳ್ಳುತ್ತದೆ. ನಿಂತ ವಾಹನದಲ್ಲಿ ರೋಲರುಗಳ ಅಗಲಕ್ಕೆ ಸರಿಯಾಗಿ ಕಪ್ಪಿನ ಮೇಲೆ ತುಕ್ಕಿನ ಗೆರೆಗಳು ಮೂಡುತ್ತವೆ. ಗದ್ದೆ ಬಯಲಿನ ಕೆಸರು ಹಾದಿಯೂ, ಒತ್ತಡದ ನೀರನ್ನು ನೇರವಾಗಿ ಹಬ್ಬಿಗೆ ಹಿಡಿಯುವ ವಾಟರ್ ಸರ್ವೀಸೂ ಇದೇ ಹಾನಿ ಮಾಡುತ್ತವೆ. ತೊಳೆಯುವುದು ಬೇಡವೆಂದಲ್ಲ, ಚಕ್ರಗಳು ಆರುವವರೆಗೆ ಕಾಯ್ದು, ಬಕೆಟ್ಟಿನಿಂದ ತೊಳೆದರೆ ಸಾಕು. ಮೇಲುಕೋಟೆಯಂತಹ ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಬರುವವರ ಹಬ್ಬಿನಲ್ಲಿ ಬ್ರೇಕಿನ ಶಾಖಕ್ಕೆ ಗ್ರೀಸು ತೆಳ್ಳಗಾಗಿ ಹೊರಹರಿಯುವುದೂ ಉಂಟು. ಅಂತಹ ಕಡೆ ಕಡಿಮೆ ಗೇರಿನಲ್ಲಿ ಇಳಿಯುವುದೇ ಕ್ರಮ.

ಲಕ್ಷಣಗಳನ್ನು ಗುರುತಿಸುವ ಬಗೆ

ಬೇರಿಂಗು ಮುನ್ಸೂಚನೆಯಿಲ್ಲದೆ ಕೆಡುವುದು ವಿರಳ. ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್ ಎನ್ನುವ ಸದ್ದು ಮೊದಲ ಲಕ್ಷಣ. ಟೈರಿನ ಸದ್ದಿಗೂ ಇದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಿ ನೋಡಬೇಕು. ಎಡಕ್ಕೆ ತಿರುಗಿದಾಗ ಭಾರವು ಬಲಚಕ್ರದ ಮೇಲೆ ಬೀಳುವುದರಿಂದ, ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ದೋಷ ಬಲಚಕ್ರದಲ್ಲಿರುತ್ತದೆ. ಹದಿನೈದು ಇಪ್ಪತ್ತು ಕಿ.ಮೀ. ಓಡಿದ ಮೇಲೆ ಎರಡೂ ಬದಿಯ ಹಬ್ಬುಗಳ ಬಳಿ ಎಚ್ಚರಿಕೆಯಿಂದ ಕೈಹಿಡಿದು ಹೋಲಿಸಿದರೆ, ಕೆಟ್ಟ ಬದಿ ಹೆಚ್ಚು ಬಿಸಿಯಾಗಿರುವುದು ಗೊತ್ತಾಗುತ್ತದೆ. ಬ್ರೇಕು ಹಿಡಿದುಕೊಂಡಿದ್ದರೂ ಹೀಗೆಯೇ ಬಿಸಿಯಾಗುವುದರಿಂದ ಅದನ್ನೂ ನೋಡಬೇಕು.

ಜಾಕು ಹಾಕಿ, ಕೆಳಗೆ ಭದ್ರವಾದ ಸ್ಟ್ಯಾಂಡು ಕೊಟ್ಟ ನಂತರ ಟೈರನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿದರೆ ಆಟ ಇರುವುದು ತಿಳಿಯುತ್ತದೆ. ಇಲ್ಲಿ ಅನೇಕ ಗ್ಯಾರೇಜುಗಳಲ್ಲಿ ಒಂದು ತಪ್ಪಾಗುತ್ತದೆ. ಕಿಂಗ್ ಪಿನ್ನು ಅಥವಾ ಬಾಲ್ ಜಾಯಿಂಟು ಸವೆದಿದ್ದರೂ ಚಕ್ರ ಹೀಗೆಯೇ ಆಡುತ್ತದೆ. ಇನ್ನೊಬ್ಬರಿಂದ ಬ್ರೇಕು ಒತ್ತಿಸಿ ಮತ್ತೆ ಅಲುಗಾಡಿಸಬೇಕು. ಆಟ ಮಾಯವಾದರೆ ದೋಷ ಬೇರಿಂಗಿನದು, ಉಳಿದರೆ ಬೇರೆಡೆಯದು. ಈ ಒಂದು ನಿಮಿಷದ ಪರೀಕ್ಷೆಯಿಂದ ಅನಗತ್ಯ ಖರೀದಿ ತಪ್ಪುತ್ತದೆ.

ಆಟ ಬಿಟ್ಟ ಚಕ್ರದೊಂದಿಗೆ ಓಡಿಸುವುದನ್ನು ಕೆಲವರು ಮುಂದೂಡುತ್ತಾರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಮೃತಪಟ್ಟ ದುರಂತವನ್ನು ಜಿಲ್ಲೆ ಮರೆತಿಲ್ಲ. ಅದಕ್ಕೂ ಬೇರಿಂಗಿಗೂ ಸಂಬಂಧವಿಲ್ಲ. ಆದರೆ ನಾಲೆ ಏರಿಯ ಕಿರಿದಾದ ರಸ್ತೆಯಲ್ಲಿ ವಾಹನವು ಒಂದು ಬದಿಗೆ ಎಳೆದರೆ ಸಾವರಿಸಿಕೊಳ್ಳಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಯಾವುದು ದುರಸ್ತಿ, ಯಾವುದು ಬದಲಾವಣೆ

ಸವೆದ ಬೇರಿಂಗಿಗೆ ದುರಸ್ತಿ ಎಂಬುದಿಲ್ಲ. ದುರಸ್ತಿ ಎಂದು ಕರೆಯಬಹುದಾದದ್ದು ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಪರೀಕ್ಷಿಸಿ, ಹೊಸ ಗ್ರೀಸು ಹಾಗೂ ಹೊಸ ಸೀಲಿನೊಂದಿಗೆ ಮರಳಿ ಕೂರಿಸುವ ಕೆಲಸ ಮಾತ್ರ. ಒಣಗಿಸುವಾಗ ಗಾಳಿ ಪೈಪು ಹಿಡಿದು ಬೇರಿಂಗನ್ನು ಗಿರ್ರನೆ ತಿರುಗಿಸುವುದು ಹುಡುಗರ ಚಟ. ರೋಲರು ಸಿಡಿದು ಗಾಯವಾಗುವ ಅಪಾಯವಿರುವುದರಿಂದ ಇದನ್ನು ತಡೆಯಬೇಕು. ರೋಲರು, ಕಪ್ಪು ಮತ್ತು ಕೋನುಗಳ ಮೈ ನುಣುಪಾಗಿ, ಒಂದೇ ಬಣ್ಣದಲ್ಲಿದ್ದರೆ ಮರಳಿ ಬಳಸಬಹುದು. ಚಕ್ಕೆ ಎದ್ದಿದ್ದರೆ, ಶಾಖದಿಂದ ನೀಲಿಯಾಗಿದ್ದರೆ, ತುಕ್ಕಿನ ಗೆರೆ ಉಗುರಿಗೆ ತಾಕುತ್ತಿದ್ದರೆ ಬದಲಾಯಿಸಲೇಬೇಕು. ಕೋನು ಮಾತ್ರ ಹೊಸದು ಹಾಕಿ ಕಪ್ಪನ್ನು ಹಳೆಯದೇ ಉಳಿಸುವುದು ಸುಳ್ಳು ಉಳಿತಾಯ, ಏಕೆಂದರೆ ಹಳೆಯ ಕಪ್ಪಿನ ಗಾಯಗಳು ಹೊಸ ರೋಲರುಗಳನ್ನು ಬೇಗನೆ ಕೆಡಿಸುತ್ತವೆ. ಇತ್ತೀಚಿನ ಕೆಲವು ವಾಹನಗಳಲ್ಲಿ ಬೇರಿಂಗು ಮುಚ್ಚಿದ ಘಟಕವಾಗಿ ಬರುತ್ತದೆ. ಅದಕ್ಕೆ ಗ್ರೀಸು ತುಂಬಲಾಗದು, ಇಡೀ ಘಟಕವನ್ನೇ ಬದಲಾಯಿಸಬೇಕು.

ಲೇತ್ ವರ್ಕ್‌ಶಾಪ್ ನಡೆಸುವವರು ಗಮನಿಸಬೇಕಾದ ವಿಷಯವೊಂದಿದೆ. ಕೆಟ್ಟ ಬೇರಿಂಗಿನಲ್ಲೇ ಬಹಳ ದಿನ ಓಡಿಸಿದರೆ ಕಪ್ಪು ಹಬ್ಬಿನೊಳಗೆ ಸುತ್ತತೊಡಗಿ ಕೂರುವ ಜಾಗ ಸಡಿಲವಾಗುತ್ತದೆ. ಆಗ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವ ಪದ್ಧತಿ ಹಳೆಯದು. ಆ ಚುಕ್ಕೆಗಳ ತುದಿಗಳ ಮೇಲಷ್ಟೇ ಕಪ್ಪು ನಿಲ್ಲುವುದರಿಂದ ಕೆಲವೇ ದಿನಗಳಲ್ಲಿ ಅವು ಚಪ್ಪಟೆಯಾಗಿ ಮತ್ತೆ ಸಡಿಲವಾಗುತ್ತದೆ. ಹಬ್ಬನ್ನು ಬೋರು ಮಾಡಿ ಸರಿಯಾದ ಬಿಗಿಯ ಸ್ಲೀವು ಕೂರಿಸುವುದು ಅದಕ್ಕಿಂತ ಮೇಲು. ಹಬ್ಬಿನ ದಪ್ಪ ಸಾಲದಿದ್ದರೆ ಹೊಸ ಹಬ್ಬೇ ಸರಿ. ಸವೆದ ಸ್ಟಬ್ ಆಕ್ಸಲ್‌ಗೆ ವೆಲ್ಡಿಂಗ್ ತುಂಬಿಸಿ ತಿರುವಿ ಕೊಡುವುದನ್ನಂತೂ ಒಪ್ಪಿಕೊಳ್ಳಲೇಬಾರದು. ವೆಲ್ಡಿಂಗ್ ಶಾಖಕ್ಕೆ ಉಕ್ಕಿನ ಹದ ಕೆಟ್ಟು ಅದೇ ಜಾಗದಲ್ಲಿ ಬಿರುಕು ಹುಟ್ಟುತ್ತದೆ. ಗಿರಾಕಿ ಒತ್ತಾಯಿಸಿದರೂ ನಿರಾಕರಿಸುವುದು ವರ್ಕ್‌ಶಾಪಿನ ಹೆಸರಿಗೆ ಒಳಿತು.

ಜೋಡಿಸುವಾಗ ಕಪ್ಪನ್ನು ಪ್ರೆಸ್ಸಿನಲ್ಲಿ ಅಥವಾ ಹಳೆಯ ಕಪ್ಪನ್ನೇ ಮೇಲಿಟ್ಟು ಸಮನಾಗಿ ಇಳಿಸಬೇಕು. ಬೇರಿಂಗಿಗೆ ನೇರವಾಗಿ ಸುತ್ತಿಗೆ ಬೀಳಬಾರದು, ಗ್ಯಾಸಿನ ಉರಿ ಹಿಡಿಯಬಾರದು. ಬಿಸಿ ಮಾಡುವ ಅಗತ್ಯ ಬಿದ್ದರೂ 120 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಲಿಥಿಯಂ ಆಧಾರಿತ ಬೇರಿಂಗ್ ಗ್ರೀಸನ್ನು ಅಂಗೈಯಲ್ಲಿಟ್ಟು ಕೋನಿನ ರೋಲರುಗಳ ಸಂದಿಯೊಳಗೆ ಹೊಕ್ಕು ಮೇಲೆ ಬರುವಂತೆ ಒತ್ತಿ ತುಂಬಬೇಕು. ಹಬ್ಬಿನ ಪೊಳ್ಳನ್ನು ಪೂರ್ತಿ ತುಂಬಿದರೆ ಶಾಖ ಹೆಚ್ಚುವುದೇ ಹೊರತು ಲಾಭವಿಲ್ಲ. ಬೇರೆ ಜಾತಿಯ ಗ್ರೀಸಿನೊಂದಿಗೆ ಬೆರೆಸಬಾರದು. ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಬಳಿಕ ಸಡಿಲಿಸಿ, ಕಂಪನಿಯ ಕೈಪಿಡಿ ಹೇಳುವಷ್ಟೇ ಬಿಗಿಗೆ ತರಬೇಕು. ಈ ಹಂತದಲ್ಲಿ ಅವಸರ ಸಲ್ಲದು, ಏಕೆಂದರೆ ಓರೆ ರೋಲರ್ ಬೇರಿಂಗನ್ನು ಅತಿಯಾಗಿ ಬಿಗಿದರೆ ಸಡಿಲವಾಗಿದ್ದುದಕ್ಕಿಂತಲೂ ಬೇಗ ಸುಟ್ಟುಹೋಗುತ್ತದೆ. ಸ್ಪ್ಲಿಟ್ ಪಿನ್ನು ಪ್ರತಿ ಬಾರಿಯೂ ಹೊಸದಿರಬೇಕು. ಹಳೆಯದನ್ನು ನೆಟ್ಟಗೆ ಮಾಡಿ ಹಾಕಿದರೆ ಅದು ಮುರಿದಾಗ ನಟ್ಟನ್ನು ತಡೆಯುವುದು ಏನೂ ಇರುವುದಿಲ್ಲ.

ಹಿಂದಿನ ಚಕ್ರದಲ್ಲಿ ಸೀಲು ಸೋತರೆ ಡಿಫರೆನ್ಷಿಯಲ್ ಆಯಿಲ್ ಬ್ರೇಕ್ ಡ್ರಮ್ಮಿಗೆ ಇಳಿಯುವುದರಿಂದ, ಬೇರಿಂಗಿನೊಡನೆ ಸೀಲನ್ನೂ ಬದಲಾಯಿಸಿ ಬ್ರೇಕ್ ಲೈನರ್‌ಗಳನ್ನು ಪರೀಕ್ಷಿಸಬೇಕು.

ಖರೀದಿ ಮತ್ತು ಕಾಗದಪತ್ರ

ನಕಲಿ ಬೇರಿಂಗುಗಳ ಹಾವಳಿ ಇರುವುದರಿಂದ ಬೇರಿಂಗಿನ ಮೈಮೇಲಿನ ಸಂಖ್ಯೆಯನ್ನೂ ಪೆಟ್ಟಿಗೆಯ ಸಂಖ್ಯೆಯನ್ನೂ ತಾಳೆ ನೋಡಬೇಕು. ಕೆಲವು ಪ್ರಮುಖ ತಯಾರಕರ ಪೆಟ್ಟಿಗೆಯ ಮೇಲಿನ ಸಂಕೇತವನ್ನು ಮೊಬೈಲ್‌ನಲ್ಲಿ ಪರೀಕ್ಷಿಸುವ ಸೌಲಭ್ಯವೂ ಇದೆ. ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಸಿಗುವುದನ್ನು ಕೊಂಡವರಿಗೆ ಮರಳಿಸುವ ದಾರಿ ಇರುವುದಿಲ್ಲ.

ವಿಮೆಯ ಬಗ್ಗೆ ತಪ್ಪು ತಿಳಿವಳಿಕೆ ಇದೆ. ಸವೆತ ಹಾಗೂ ಯಾಂತ್ರಿಕ ಕೆಡುಕು ಸಾಮಾನ್ಯ ಮೋಟಾರು ವಿಮಾ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಇ-ವೇ ಬಿಲ್ ಅಗತ್ಯವಿರುವ ಸರಕು ದಾರಿಯಲ್ಲಿ ನಿಂತು ಬೇರೆ ವಾಹನಕ್ಕೆ ಬದಲಾದರೆ, ಬಿಲ್ಲಿನ ಎರಡನೇ ಭಾಗದಲ್ಲಿ ಹೊಸ ವಾಹನದ ಸಂಖ್ಯೆಯನ್ನು ನಮೂದಿಸಿದ ನಂತರವೇ ಮುಂದೆ ಸಾಗಿಸಬೇಕು. 2021ರ ಜನವರಿಯಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ ಮಾತ್ರ ಇರುವುದರಿಂದ, ಹಬ್ಬು ಬಿಚ್ಚಿಕೊಂಡು ರಸ್ತೆಬದಿಯಲ್ಲಿ ಕಳೆದ ರಾತ್ರಿಯೂ ಆ ಲೆಕ್ಕಕ್ಕೇ ಸೇರುತ್ತದೆ.

ಎಂಟು ವರ್ಷ ದಾಟಿದ ಸರಕು ವಾಹನಗಳಿಗೆ ಅರ್ಹತಾ ಪತ್ರವನ್ನು ಪ್ರತಿ ವರ್ಷವೂ ನವೀಕರಿಸಬೇಕಾಗಿದೆ. ಆ ತಪಾಸಣೆಗೆ ಒಯ್ಯುವ ಮುನ್ನವೇ ನಾಲ್ಕೂ ಹಬ್ಬುಗಳನ್ನು ಪರೀಕ್ಷಿಸಿ, ಗ್ರೀಸು ತುಂಬಿದ ದಿನಾಂಕ ಮತ್ತು ಕಿ.ಮೀ. ಅಂಕಿಯನ್ನು ವಾಹನದ ಪುಸ್ತಕದಲ್ಲಿ ಬರೆದಿಟ್ಟರೆ, ಚಾಲಕ ಬದಲಾದರೂ ಮುಂದಿನ ಸರದಿ ಯಾವಾಗ ಎಂಬುದು ಮಾಲೀಕರಿಗೆ ತಿಳಿದಿರುತ್ತದೆ.